ಕಿವಿಗೊತ್ತಿದ ಫೋನು, ಕಣ್ಣಿಗಂಟಿದ ಫೋನು

ಯಾರದೋ ಮನೆಯ ತಾರಸಿಯ ಮೇಲೆ ಮೊಬೈಲ್ ಟವರ್ ನಿಲ್ಲಿಸುತ್ತಾರಂತೆ ಎಂಬ ಸುದ್ದಿ ಹಬ್ಬಿದರೆ ಸಾಕು, ಬಡಾವಣೆಯವರ ಮನವಿಪತ್ರ ಸಿದ್ಧವಾಗುತ್ತದೆ. ಮಕ್ಕಳಿಗೆ ಕ್ಯಾನ್ಸರ್ ಬರುತ್ತದೆ, ಗರ್ಭಿಣಿಯರಿಗೆ ತೊಂದರೆಯಾಗುತ್ತದೆ, ಗುಬ್ಬಚ್ಚಿಗಳು ಮಾಯವಾಗುತ್ತವೆ ಎಂದು ಅದರಲ್ಲಿ ಬರೆದಿರುತ್ತದೆ. ಸಹಿ ಹಾಕಿದವರ ಆತಂಕ ನಿಜವಾದದ್ದೇ. ಕಣ್ಣಿಗೆ ಕಾಣದ, ಮೂಗಿಗೆ ಬಡಿಯದ, ತಾವು ಕರೆಯದೆಯೇ ಮನೆಯೊಳಕ್ಕೆ ಬರುವ ವಸ್ತುವಿಗೆ ಯಾರಾದರೂ ಹೆದರುತ್ತಾರೆ. ಆದರೆ ಆ ಮನವಿ ಗೆದ್ದು ಟವರ್ ಎರಡು ಕಿಲೋಮೀಟರ್ ಆಚೆಗೆ ಹೋದರೆ ಏನಾಗುತ್ತದೆ ಎಂಬುದನ್ನು ಯಾರೂ ಅವರಿಗೆ ಹೇಳಿರುವುದಿಲ್ಲ. ಫೋನು ಬರಿಯ ಗ್ರಾಹಕವಲ್ಲ, ಸ್ವತಃ ತರಂಗ ಹೊರಸೂಸುವ ಯಂತ್ರ. ಟವರ್ ಹತ್ತಿರವಿದ್ದರೆ ಅದು ಮೆಲ್ಲಗೆ ಮಾತಾಡುತ್ತದೆ. ದೂರವಿದ್ದರೆ ಗದ್ದೆಯಾಚೆ ನಿಂತವರನ್ನು ಕರೆಯುವ ಹಾಗೆ ಗಂಟಲೆತ್ತಿ ಕೂಗಬೇಕಾಗುತ್ತದೆ. ಹಾಗೆ ಕೂಗುವ ಆಂಟೆನಾ ಇರುವುದು ನಮ್ಮದೇ ಕಿವಿಯ ಪಕ್ಕದಲ್ಲಿ. ದೂರ ಇಮ್ಮಡಿಯಾದರೆ ತರಂಗದ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುವುದರಿಂದ, ಐವತ್ತು ಮೀಟರ್ ಆಚೆಯ ಟವರಿನಿಂದ ನಮ್ಮ ತಲೆಗೆ ತಲುಪುವುದಕ್ಕಿಂತ ಕೈಯಲ್ಲಿರುವ ಫೋನಿನಿಂದ ತಲುಪುವುದೇ ಬಹಳ ಹೆಚ್ಚು. ಹೀಗಾಗಿ ಟವರನ್ನು ಓಡಿಸಿದ ಬಡಾವಣೆ ತನಗರಿವಿಲ್ಲದೆ ವಿಕಿರಣವನ್ನು ತಲೆಯ ಹತ್ತಿರಕ್ಕೆ ತಂದುಕೊಂಡಿರುತ್ತದೆ.

ಮೊಬೈಲು ಮತ್ತು ಆರೋಗ್ಯದ ಚರ್ಚೆ ಮೂವತ್ತು ವರ್ಷಗಳಿಂದ ನಡೆದಿದೆ. ಅದರ ಬಹುಪಾಲು ನಡೆದದ್ದು ಕಿವಿಗೊತ್ತಿದ ಫೋನಿನ ಬಗ್ಗೆ, ಅಂದರೆ ಮೆದುಳಿನ ಪಕ್ಕದ ಆಂಟೆನಾದ ಬಗ್ಗೆ. ಅಷ್ಟರಲ್ಲಿ ಫೋನು ಕಿವಿಯಿಂದ ಕಣ್ಣಿಗೆ ಜಾರಿತು. ಆ ಹಳೆಯ ಪ್ರಶ್ನೆಗೆ ವಿಜ್ಞಾನ ಈಗ ಬಹುಮಟ್ಟಿಗೆ ಉತ್ತರ ಕೊಟ್ಟಿದೆ, ಹೊಸ ಪ್ರಶ್ನೆಯನ್ನು ನಾವಿನ್ನೂ ಸರಿಯಾಗಿ ಕೇಳಿಯೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಹಳೆಯದನ್ನು ಮೊದಲು ನೋಡೋಣ. ಅದು ಕ್ಯಾನ್ಸರಿನ ಪ್ರಶ್ನೆ, ಅವಸರದಲ್ಲಿ ತಳ್ಳಿಹಾಕುವಂಥದ್ದಲ್ಲ.

‘ವಿಕಿರಣ’ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಹಿರೋಷಿಮಾ, ಚೆರ್ನೋಬಿಲ್, ಎಕ್ಸ್‌ರೇ. ಎಕ್ಸ್‌ರೇ ಮತ್ತು ಗಾಮಾ ಕಿರಣಗಳು ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತೆಸೆಯಬಲ್ಲವು. ಅದರಿಂದ ಡಿಎನ್‌ಎ ಎಳೆ ತುಂಡಾಗಬಹುದು, ತುಂಡಾದದ್ದು ತಪ್ಪಾಗಿ ಕೂಡಿಕೊಂಡರೆ ಕ್ಯಾನ್ಸರಿಗೆ ದಾರಿಯಾಗಬಹುದು. ಮೊಬೈಲಿನ ರೇಡಿಯೊ ತರಂಗಕ್ಕೆ ಆ ಬಲವಿಲ್ಲ. 2 ಗಿಗಾಹರ್ಟ್ಸ್‌ ತರಂಗದ ಒಂದು ಕಣದ ಶಕ್ತಿ ನಾವು ದಿನವೂ ಕಾಣುವ ಬೆಳಕಿನ ಒಂದು ಕಣದ ಶಕ್ತಿಯ ಎರಡು-ಮೂರು ಲಕ್ಷದಲ್ಲಿ ಒಂದು ಭಾಗದಷ್ಟು. ಡಿಎನ್‌ಎಯನ್ನು ನೇರವಾಗಿ ಮುರಿಯಲು ಅದಕ್ಕೆ ಸಾಧ್ಯವಿಲ್ಲ. ಅದು ಖಚಿತವಾಗಿ ಮಾಡುವ ಕೆಲಸ ಒಂದೇ: ಅಂಗಾಂಶವನ್ನು ತುಸು ಬಿಸಿ ಮಾಡುವುದು. ಮಿತಿಯೊಳಗಿನ ಫೋನಿನಿಂದ ಮೆದುಳಿನ ಉಷ್ಣತೆ ಏರುವುದು ಒಂದು ಡಿಗ್ರಿಯ ಹತ್ತರಲ್ಲಿ ಒಂದೆರಡು ಭಾಗ. ಬಿಸಿಲಲ್ಲಿ ನಡೆದಾಗ, ಜ್ವರ ಬಂದಾಗ ದೇಹ ಇದಕ್ಕಿಂತ ಹೆಚ್ಚಿನ ಏರಿಳಿತವನ್ನು ತಾಳಿಕೊಳ್ಳುತ್ತದೆ. ಮಾತು ಮುಗಿದ ಮೇಲೆ ಕಿವಿ ಬಿಸಿಯೆನಿಸುವುದಕ್ಕೆ ಮುಖ್ಯ ಕಾರಣ ಬ್ಯಾಟರಿಯ ಕಾವು ಮತ್ತು ಗಾಳಿಯಾಡದಂತೆ ಒತ್ತಿ ಹಿಡಿದದ್ದು.

ಭೌತವಿಜ್ಞಾನ ಇಷ್ಟು ಹೇಳಿದರೂ ಅಲ್ಲಿಗೇ ಸುಮ್ಮನಾಗುವಂತಿಲ್ಲ. ಡಿಎನ್‌ಎ ಮುರಿಯದೆಯೂ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳು ಇವೆ. 2011ರ ಫೆಬ್ರುವರಿಯಲ್ಲಿ ಅಮೆರಿಕದ ನೋರಾ ವೋಲ್ಕೋವ್ ತಂಡ 47 ಮಂದಿಯ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯಿತು. ಐವತ್ತು ನಿಮಿಷ ಕಿವಿಯ ಪಕ್ಕದಲ್ಲಿ ಫೋನಿಟ್ಟಾಗ ಆಂಟೆನಾಕ್ಕೆ ಹತ್ತಿರದ ಮೆದುಳಿನ ಭಾಗದಲ್ಲಿ ಸಕ್ಕರೆಯ ಬಳಕೆ ಶೇ 7ರಷ್ಟು ಏರಿತ್ತು. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಆ ತಂಡ ಹೇಳಲಿಲ್ಲ, ಹೇಳುವಷ್ಟು ಆಧಾರವೂ ಇರಲಿಲ್ಲ. ಹೀಗೆ ಏನೋ ಆಗುತ್ತಿರಬಹುದು ಎಂಬ ಸುಳಿವುಗಳು ಇದ್ದಾಗ ಕೊನೆಯ ಮಾತು ಹೇಳಬೇಕಾದದ್ದು ಜನರ ಆರೋಗ್ಯದ ದಾಖಲೆಯೇ.

ಆ ದಾಖಲೆ ಹುಡುಕುವ ಕೆಲಸಕ್ಕೆ ಒತ್ತಡ ತಂದದ್ದು ಒಂದು ಟಿ.ವಿ. ಕಾರ್ಯಕ್ರಮ. 1993ರ ಜನವರಿಯಲ್ಲಿ ಫ್ಲೋರಿಡಾದ ಒಬ್ಬರು ಲ್ಯಾರಿ ಕಿಂಗ್ ನಡೆಸುತ್ತಿದ್ದ ಪ್ರಸಿದ್ಧ ಕಾರ್ಯಕ್ರಮದಲ್ಲಿ ಕೂತು, ತಮ್ಮ ಹೆಂಡತಿ ಮೆದುಳಿನ ಗಡ್ಡೆಯಿಂದ ಸತ್ತದ್ದು ಮೊಬೈಲಿನಿಂದಲೇ ಎಂದರು. ಕಂಪನಿಗಳ ಷೇರು ಕುಸಿಯಿತು. ಅವರ ದಾವೆ ಸಾಕ್ಷ್ಯದ ಕೊರತೆಯಿಂದ ವಜಾ ಆಯಿತು, ಆದರೆ ಪ್ರಶ್ನೆ ಉಳಿಯಿತು. ನಮ್ಮಲ್ಲಿ ಆಗ ಮೊಬೈಲೇ ಇರಲಿಲ್ಲ. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್‌ರಾಮ್ ಅವರಿಗೆ ಮಾಡಿದ್ದು ದೇಶದ ಮೊದಲ ಮೊಬೈಲ್ ಕರೆ.

ಆಮೇಲೆ ಬಂದ ಅಧ್ಯಯನಗಳಲ್ಲಿ ಎಲ್ಲರೂ ಎತ್ತಿ ಹೇಳುವುದು ‘ಇಂಟರ್‌ಫೋನ್’. ಹದಿಮೂರು ದೇಶಗಳು, ಗ್ಲಿಯೋಮಾ ಎಂಬ ಮೆದುಳಿನ ಗಡ್ಡೆಯ 2,708 ರೋಗಿಗಳು, ಮೆನಿಂಜಿಯೋಮಾ ಎಂಬ ಇನ್ನೊಂದು ಬಗೆಯ ಗಡ್ಡೆಯ 2,409 ರೋಗಿಗಳು. ಫಲಿತಾಂಶ 2010ರಲ್ಲಿ ಬಂತು. ಅದರ ಒಂದು ಸಾಲು ಜಗತ್ತಿನಾದ್ಯಂತ ಸುದ್ದಿಯಾಯಿತು: ಜೀವಮಾನದಲ್ಲಿ 1,640 ಗಂಟೆಗಿಂತ ಹೆಚ್ಚು ಮಾತಾಡಿದವರಲ್ಲಿ ಗ್ಲಿಯೋಮಾ ಸಂಭವ ಶೇ 40ರಷ್ಟು ಹೆಚ್ಚು. ಹತ್ತು ವರ್ಷಕ್ಕೆ ಹಂಚಿದರೆ ದಿನಕ್ಕೆ ಅರ್ಧ ಗಂಟೆಗೂ ಕಡಿಮೆ ಮಾತು! ಯಾರಿಗಾದರೂ ಎದೆ ಧಸಕ್ಕೆನ್ನುವ ಸಂಗತಿ. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಾಲಿತ್ತು. ಮೊಬೈಲ್ ಬಳಸುವವರನ್ನೆಲ್ಲ ಒಟ್ಟಾಗಿ ತೆಗೆದುಕೊಂಡರೆ, ಬಳಸದವರಿಗಿಂತ ಅವರಲ್ಲಿ ಗ್ಲಿಯೋಮಾ ಶೇ 19ರಷ್ಟು ಕಡಿಮೆ. ಫೋನು ಮೆದುಳನ್ನು ಕಾಪಾಡುತ್ತದೆಂದು ಯಾರೂ ನಂಬಲಾರರು, ಆ ಸಂಶೋಧಕರೂ ನಂಬಲಿಲ್ಲ. ಒಂದೇ ಅಧ್ಯಯನ ಕಾಪಾಡುತ್ತದೆಂದೂ ಕೊಲ್ಲುತ್ತದೆಂದೂ ತೋರಿಸುತ್ತಿದ್ದರೆ ದೋಷ ಅಳೆಯುವ ವಿಧಾನದಲ್ಲಿರಬೇಕು.

ಆ ದೋಷ ಮನುಷ್ಯ ಸ್ವಭಾವದ್ದೇ. ಗಡ್ಡೆಯಾದವರನ್ನು ಆಸ್ಪತ್ರೆಯಲ್ಲಿ ಕೂರಿಸಿ, ಹತ್ತು ವರ್ಷದ ಹಿಂದೆ ದಿನಕ್ಕೆ ಎಷ್ಟು ಹೊತ್ತು, ಯಾವ ಕಿವಿಯಲ್ಲಿ ಮಾತಾಡುತ್ತಿದ್ದಿರಿ ಎಂದು ಕೇಳಿದರೆ ಅವರು ಏನು ಹೇಳಬೇಕು? ತನಗೇಕೆ ಹೀಗಾಯಿತು ಎಂದು ರಾತ್ರಿಯಿಡೀ ಯೋಚಿಸಿದವರ ನೆನಪು ಆರೋಗ್ಯವಂತರ ನೆನಪಿನ ಹಾಗಿರುವುದಿಲ್ಲ. ದಿನಕ್ಕೆ ಹನ್ನೆರಡು ಗಂಟೆಗೂ ಹೆಚ್ಚು ಮಾತಾಡುತ್ತಿದ್ದೆ ಎಂದವರೂ ಅದರಲ್ಲಿದ್ದರು. ಇನ್ನೊಂದೆಡೆ, ಹೋಲಿಕೆಗೆ ಕರೆದ ಆರೋಗ್ಯವಂತರಲ್ಲಿ ಮೊಬೈಲ್ ಇಲ್ಲದವರು ಹೆಚ್ಚಾಗಿ ಬರಲೊಪ್ಪಲಿಲ್ಲ. ಇದರಿಂದ ಲೆಕ್ಕ ಎರಡೂ ಬದಿಗೆ ವಾಲಿತು. ಸ್ವೀಡನ್ನಿನ ಲೆನಾರ್ಟ್ ಹಾರ್ಡೆಲ್ ವರ್ಷಾನುಗಟ್ಟಲೆ ನಡೆಸಿದ ಅಧ್ಯಯನಗಳು ಅಪಾಯ ಇದೆ ಎಂದೇ ಹೇಳುತ್ತ ಬಂದಿವೆ. ಅವೂ ಇದೇ ಬಗೆಯ, ನೆನಪನ್ನು ನೆಚ್ಚಿದ ಅಧ್ಯಯನಗಳು.

ಆದ್ದರಿಂದ ನೆನಪನ್ನು ಬಿಟ್ಟು ದಾಖಲೆ ಹಿಡಿಯುವ ದಾರಿ ಶುರುವಾಯಿತು. ಡೆನ್ಮಾರ್ಕ್ 3,58,403 ಚಂದಾದಾರರನ್ನು ದೇಶದ ಕ್ಯಾನ್ಸರ್ ನೋಂದಣಿಗೆ ಹೊಂದಿಸಿ ನೋಡಿ, ಅಪಾಯ ಕಾಣಲಿಲ್ಲ ಎಂದು 2011ರಲ್ಲಿ ವರದಿ ಕೊಟ್ಟಿತು. ಅದರಲ್ಲೂ ಒಂದು ಬಿರುಕಿತ್ತು: ಕಚೇರಿಯ ಹೆಸರಿನಲ್ಲಿ ಫೋನು ಪಡೆದಿದ್ದವರು, ಅಂದರೆ ಆ ಕಾಲದಲ್ಲಿ ಅತಿ ಹೆಚ್ಚು ಮಾತಾಡುತ್ತಿದ್ದವರು, ‘ಬಳಸದವರ’ ಪಟ್ಟಿಗೆ ಸೇರಿಹೋಗಿದ್ದರು. ಬ್ರಿಟನ್ನಿನಲ್ಲಿ 7,76,156 ಮಹಿಳೆಯರನ್ನು ಸರಾಸರಿ ಹದಿನಾಲ್ಕು ವರ್ಷ ಹಿಂಬಾಲಿಸಿದ ಅಧ್ಯಯನ 2022ರಲ್ಲಿ ಬಂತು, ಅಲ್ಲೂ ಹೆಚ್ಚಳವಿಲ್ಲ. ಆದರೆ ಅವರು ನಡುವಯಸ್ಸು ದಾಟಿದ ಹೆಂಗಸರು, ವಿಪರೀತ ಮಾತಾಡುವವರು ಅವರಲ್ಲಿ ಕಡಿಮೆ. ಈ ಎರಡು ಕೊರತೆಗಳನ್ನೂ ತುಂಬಲು ಕಟ್ಟಿದ್ದು ‘ಕಾಸ್ಮೋಸ್’. ಡೆನ್ಮಾರ್ಕ್, ಫಿನ್ಲೆಂಡ್, ನೆದರ್ಲೆಂಡ್ಸ್, ಸ್ವೀಡನ್, ಬ್ರಿಟನ್ನುಗಳ 2,64,574 ಮಂದಿಯನ್ನು ಅದು ಸುಮಾರು ಏಳು ವರ್ಷ ಹಿಂಬಾಲಿಸಿತು, ಅವರ ಮಾತಿನ ಅಳತೆಯನ್ನು ಮೊಬೈಲ್ ಕಂಪನಿಗಳ ಕರೆದಾಖಲೆಯೊಂದಿಗೆ ಸರಿದೂಗಿಸಿತು. 2024ರಲ್ಲಿ ಬಂದ ಅದರ ಫಲಿತಾಂಶದಲ್ಲಿ ಅತಿ ಹೆಚ್ಚು ಮಾತಾಡಿದವರಿಗೂ ಕಡಿಮೆ ಮಾತಾಡಿದವರಿಗೂ ಗಡ್ಡೆಯ ಸಂಭವದಲ್ಲಿ ವ್ಯತ್ಯಾಸವಿಲ್ಲ. ಎರಡೂವರೆ ಲಕ್ಷಕ್ಕೂ ಹೆಚ್ಚು ಜನರಲ್ಲಿ ಗ್ಲಿಯೋಮಾ ಆದದ್ದು 149 ಮಂದಿಗೆ. ರೋಗ ಇಷ್ಟು ವಿರಳವಾದ್ದರಿಂದಲೇ ಸಣ್ಣ ಅಧ್ಯಯನಗಳ ಮಾತನ್ನು ಸುಲಭವಾಗಿ ನಂಬಬಾರದು.

ಮಕ್ಕಳ ವಿಷಯಕ್ಕೆ ಪ್ರತ್ಯೇಕ ಅಧ್ಯಯನ ಬೇಕಿತ್ತು. ಬೆಳೆಯುವ ಮೆದುಳು, ತೆಳುವಾದ ತಲೆಬುರುಡೆ, ಮುಂದೆ ಬಳಸಬೇಕಾದ ವರ್ಷಗಳೂ ಹೆಚ್ಚು. ‘ಮೊಬಿ-ಕಿಡ್ಸ್’ ಎಂಬ ಹೆಸರಿನಲ್ಲಿ ಹದಿನಾಲ್ಕು ದೇಶಗಳಲ್ಲಿ 10ರಿಂದ 24 ವರ್ಷದ ರೋಗಿಗಳ ಮೇಲೆ ನಡೆದ ಈ ಅಧ್ಯಯನದಲ್ಲಿ ಭಾರತವೂ ಇತ್ತು. 899 ರೋಗಿಗಳನ್ನು 1,910 ಆರೋಗ್ಯವಂತರೊಂದಿಗೆ ಹೋಲಿಸಿದಾಗ ಮೊಬೈಲಿಗೂ ಗಡ್ಡೆಗೂ ಕಾರ್ಯಕಾರಣ ಸಂಬಂಧ ಕಾಣಲಿಲ್ಲ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಒಪ್ಪಿಸಿದ್ದು ಸರಳವಾದ ಇನ್ನೊಂದು ಲೆಕ್ಕ. ಮೊಬೈಲು ಗಡ್ಡೆಗೆ ಕಾರಣವಾಗಿದ್ದರೆ, ಇಪ್ಪತ್ತೈದು-ಮೂವತ್ತು ವರ್ಷಗಳಲ್ಲಿ ಜಗತ್ತಿನ ಬಹುಪಾಲು ಜನ ಅದನ್ನು ಕಿವಿಗೆ ಹಿಡಿದ ಮೇಲೆ, ಗಡ್ಡೆಯ ಸಂಖ್ಯೆ ಏರಿ ಕಾಣಬೇಕು. ಸಿಗರೇಟು ವ್ಯಾಪಕವಾದ ಎರಡು-ಮೂರು ದಶಕಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಏರಿದ ರೇಖೆ ಯಾರ ಕಣ್ಣಿಗೂ ತಪ್ಪುವಂತಿರಲಿಲ್ಲ. ಉತ್ತಮ ನೋಂದಣಿಯಿರುವ ನಾರ್ಡಿಕ್ ದೇಶಗಳಲ್ಲಿ, ಆಸ್ಟ್ರೇಲಿಯಾದಲ್ಲಿ, ಅಮೆರಿಕದಲ್ಲಿ ಮೆದುಳಿನ ಗಡ್ಡೆಯ ಒಟ್ಟು ಪ್ರಮಾಣದಲ್ಲಿ ಅಂಥ ಏರಿಕೆ ಕಾಣಲಿಲ್ಲ. ಇಂಗ್ಲೆಂಡಿನಲ್ಲಿ 1995ರಿಂದ 2015ರವರೆಗೆ ಗ್ಲಿಯೋಬ್ಲಾಸ್ಟೋಮಾ ಎಂಬ ಒಂದು ಬಗೆ ಹೆಚ್ಚಾದದ್ದು ನಿಜ, ಅದನ್ನು ಮರೆಮಾಚಬಾರದು. ಆದರೆ ಎಂಆರ್‌ಐ ಬಂದ ಮೇಲೆ ರೋಗ ಪತ್ತೆಯ ಕ್ರಮವೇ ಬದಲಾಗಿದೆ, ಹಿಂದೆ ಬೇರೆ ಹೆಸರಿನಡಿ ಸೇರುತ್ತಿದ್ದವು ಈಗ ಈ ಹೆಸರಿನಡಿ ಬರುತ್ತಿವೆ ಎಂಬ ವಿವರಣೆ ಹೆಚ್ಚು ಹೊಂದುತ್ತದೆ.

ಹಾಗಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯೇ ಮೊಬೈಲ್ ಕ್ಯಾನ್ಸರ್‌ಕಾರಕ ಎಂದಿತಲ್ಲ ಎಂದು ಕೇಳುವವರಿದ್ದಾರೆ. ನಡೆದದ್ದು ಇದು. 2011ರ ಮೇ ತಿಂಗಳಲ್ಲಿ ಅದರ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫ್ರಾನ್ಸಿನ ಲಿಯಾನ್‌ನಲ್ಲಿ 14 ದೇಶಗಳ 31 ವಿಜ್ಞಾನಿಗಳನ್ನು ಸೇರಿಸಿ, ರೇಡಿಯೊ ತರಂಗಗಳನ್ನು ‘2ಬಿ’ ಗುಂಪಿಗೆ, ಅಂದರೆ ‘ಕ್ಯಾನ್ಸರ್‌ಕಾರಕವಾಗಿರಬಹುದು’ ಎಂಬ ಗುಂಪಿಗೆ ಸೇರಿಸಿತು. ಏಷ್ಯಾದ ಸಾಂಪ್ರದಾಯಿಕ ತರಕಾರಿ ಉಪ್ಪಿನಕಾಯಿ, ಲೋಳೆಸರದ ಇಡೀ ಎಲೆಯ ಸಾರ ಕೂಡ ಆ ಗುಂಪಿನಲ್ಲಿವೆ. ಇನ್ನೂ ಮೇಲಿನ, ಸಂಶಯಕ್ಕೆ ಎಡೆಯಿಲ್ಲದ ಮೊದಲ ಗುಂಪಿನಲ್ಲಿ ತಂಬಾಕು, ಮದ್ಯದ ಜೊತೆಗೆ ನಮ್ಮ ಅಡಿಕೆಯೂ ಇದೆ. ಈ ಗುಂಪುಗಳು ಸಾಕ್ಷ್ಯ ಎಷ್ಟು ಗಟ್ಟಿ ಎಂದು ಹೇಳುತ್ತವೆ, ಅಪಾಯ ಎಷ್ಟು ದೊಡ್ಡದು ಎಂದಲ್ಲ. ಶಿವಮೊಗ್ಗ, ಶಿರಸಿ, ಪುತ್ತೂರುಗಳ ತೋಟಗಳಿಗೆ ಬೇರೆಯದೇ ಆದ ಬದುಕಿನ ಪ್ರಶ್ನೆಯಿದೆ, ಅದನ್ನು ಹಗುರ ಮಾಡಲಾರೆ. ಆದರೂ ಬಾಯಲ್ಲಿ ಗುಟ್ಕಾ ಇಟ್ಟುಕೊಂಡು ಟವರಿನಿಂದ ಕ್ಯಾನ್ಸರ್ ಬರುತ್ತದೆಂದು ಮನವಿಗೆ ಸಹಿ ಹಾಕುವ ತರುಣರನ್ನು ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬಾಯಿ ಕ್ಯಾನ್ಸರಿನ ವಾರ್ಡುಗಳು ನಮ್ಮಲ್ಲಿ ಬರಿದಾಗುವುದಿಲ್ಲ. ಮೆದುಳು ಮತ್ತು ನರಮಂಡಲದ ಗಡ್ಡೆಗಳು ಒಟ್ಟು ಕ್ಯಾನ್ಸರಿನ ಸುಮಾರು ಶೇ 2 ಮಾತ್ರ.

ವಿಶ್ವ ಆರೋಗ್ಯ ಸಂಸ್ಥೆ ಆಮೇಲೆ ಎಲ್ಲ ಸಾಕ್ಷ್ಯವನ್ನೂ ಮರಳಿ ಜಾಲಿಸಲು ತಜ್ಞರ ತಂಡಗಳನ್ನು ನೇಮಿಸಿತು. ಮನುಷ್ಯರ ಮೇಲಿನ 63 ಅಧ್ಯಯನಗಳನ್ನು ಪರಿಶೀಲಿಸಿದ, ಆಸ್ಟ್ರೇಲಿಯಾದ ಕೆನ್ ಕರಿಪಿಡಿಸ್ ನೇತೃತ್ವದ ತಂಡ 2024ರ ಸೆಪ್ಟೆಂಬರಿನಲ್ಲಿ, ಮೊಬೈಲ್ ಬಳಕೆಗೂ ಮೆದುಳಿನ ಗಡ್ಡೆಗೂ ನಂಟು ಕಾಣುವುದಿಲ್ಲ, ಹತ್ತು ವರ್ಷ ದಾಟಿ ಬಳಸಿದವರಲ್ಲೂ ಕಾಣುವುದಿಲ್ಲ ಎಂದಿತು.

ಇಷ್ಟಾದರೂ ಕೇಸು ಪೂರ್ತಿ ಮುಚ್ಚಿಲ್ಲ. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ ಮೂರು ಕೋಟಿ ಡಾಲರ್ ವೆಚ್ಚದಲ್ಲಿ ಇಲಿಗಳನ್ನು ಎರಡು ವರ್ಷ, ದಿನಕ್ಕೆ ಒಂಬತ್ತು ಗಂಟೆ, ಇಡೀ ಮೈಗೆ ತಾಗುವಂತೆ ಮೊಬೈಲ್ ತರಂಗಗಳಿಗೆ ಒಡ್ಡಿತು. 2018ರ ಅಂತಿಮ ವರದಿಯಲ್ಲಿ ಗಂಡಿಲಿಗಳ ಹೃದಯದಲ್ಲಿ ಶ್ವಾನೋಮಾ ಎಂಬ ಗಡ್ಡೆಗೆ ‘ಸ್ಪಷ್ಟ ಸಾಕ್ಷ್ಯ’ ಇದೆ ಎಂದಿತು. ಅದೇ ವರ್ಷ ಇಟಲಿಯ ರಮಾಝಿನಿ ಸಂಸ್ಥೆಯೂ ಗಂಡಿಲಿಗಳಲ್ಲಿ ಅದೇ ಬಗೆಯ ಗಡ್ಡೆ ಕಂಡಿತು. ಎರಡು ಬೇರೆ ಪ್ರಯೋಗಾಲಯಗಳು, ಒಂದೇ ಅಂಗ, ಒಂದೇ ಗಡ್ಡೆ; ಇದನ್ನು ಕಾಕತಾಳೀಯ ಎಂದು ಬದಿಗೊತ್ತಲು ಮನಸ್ಸೊಪ್ಪುವುದಿಲ್ಲ. ಅಮೆರಿಕದ ಪ್ರಯೋಗದಲ್ಲಿ ಹೆಣ್ಣಿಲಿಗಳಲ್ಲಿ, ಸುಂಡಿಲಿಗಳಲ್ಲಿ ಹೀಗೆ ಸ್ಪಷ್ಟವಾಗಿ ಕಾಣಲಿಲ್ಲ. ತರಂಗಕ್ಕೆ ಒಡ್ಡಿದ ಗಂಡಿಲಿಗಳು ಒಡ್ಡದವುಗಳಿಗಿಂತ ಹೆಚ್ಚು ಕಾಲ ಬದುಕಿದವು. ತೀವ್ರತೆಯೂ ನಮ್ಮ ಮೈಗೆ ತಾಗುವುದಕ್ಕಿಂತ ಬಹಳ ಹೆಚ್ಚಿತ್ತು. ಹೀಗೆ ಎರಡೂ ಕಡೆ ಮಾತಿದೆ. ವಿಶ್ವ ಆರೋಗ್ಯ ಸಂಸ್ಥೆಗಾಗಿ 2025ರಲ್ಲಿ ಪ್ರಾಣಿ ಪ್ರಯೋಗಗಳನ್ನು ಪರಿಶೀಲಿಸಿದ ತಂಡ ಗಂಡಿಲಿಗಳ ಈ ಫಲಿತಾಂಶಕ್ಕೆ ಹೆಚ್ಚಿನ ವಿಶ್ವಾಸಾರ್ಹತೆಯನ್ನೇ ಕೊಟ್ಟಿದೆ. ಲಿಯಾನ್‌ನ ಸಂಸ್ಥೆಯ ಸಲಹಾ ಮಂಡಳಿಯೂ ರೇಡಿಯೊ ತರಂಗಗಳ ಮರುಮೌಲ್ಯಮಾಪನವನ್ನು ಆದ್ಯತೆಯ ಪಟ್ಟಿಯಲ್ಲಿಟ್ಟಿದೆ. ಮನುಷ್ಯರಲ್ಲಿ ಕಾಣದ್ದು ಇಲಿಗಳಲ್ಲಿ ಏಕೆ ಕಂಡಿತು ಎಂಬುದಕ್ಕೆ ಉತ್ತರ ಸಿಗುವವರೆಗೆ ಸಂಶೋಧನೆಗೆ ಹಣ ನಿಲ್ಲಬಾರದು.

ವೀರ್ಯಾಣುಗಳ ವಿಷಯದಲ್ಲಿಯೂ ಸಣ್ಣದೊಂದು ಸಂಶಯ ಉಳಿದಿದೆ. ಸ್ವಿಟ್ಜರ್ಲೆಂಡಿನ 2,886 ತರುಣರ ಅಧ್ಯಯನ 2023ರಲ್ಲಿ ಬಂತು. ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಬಾರಿ ಫೋನು ಬಳಸುವವರಲ್ಲಿ ವೀರ್ಯಾಣುಗಳ ಸಾಂದ್ರತೆ ಕಡಿಮೆಯಿತ್ತು. ಆದರೆ ಫೋನನ್ನು ಪ್ಯಾಂಟಿನ ಜೇಬಿನಲ್ಲಿ ಇಡುತ್ತಾರೋ ಇಲ್ಲವೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ, ಹೊಸ ತಲೆಮಾರಿನ ಜಾಲಗಳು ಬಂದಂತೆ ನಂಟೂ ಸಡಿಲವಾಯಿತು. ಕೂತೇ ಕಳೆಯುವ, ನಿದ್ದೆಗೆಡುವ ಜೀವನಕ್ರಮದ ಪಾಲು ಇದರಲ್ಲಿ ಎಷ್ಟೆಂದು ಬಿಡಿಸುವುದು ಕಷ್ಟ. ಟವರ್ ಬಳಿ ಬಂದರೆ ತಲೆನೋವು, ಮೈ ಜುಮ್ಮೆನ್ನುವುದು ಎನ್ನುವವರ ನೋವು ನಿಜ. ಆದರೆ ಕಾರಣ ತರಂಗವಲ್ಲ ಎನ್ನಲು ಸಾಕಷ್ಟು ಆಧಾರವಿದೆ. ತರಂಗ ಯಾವಾಗ ಇದೆ, ಯಾವಾಗ ಇಲ್ಲ ಎಂಬುದನ್ನು ಮರೆಮಾಡಿ ನಡೆಸಿದ 31 ಪ್ರಯೋಗಗಳನ್ನು 2005ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಇಂಥವರಿಗೆ ತರಂಗ ಇರುವುದನ್ನು ಗುರುತಿಸಲಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಇದೆಯೆಂದು ನಂಬಿದಾಗ ಮಾತ್ರ ನೋವು ಬರುತ್ತಿತ್ತು. ಗುಬ್ಬಚ್ಚಿಯ ಬಗ್ಗೆ ಒಂದೇ ಮಾತು: ಬ್ರಿಟನ್ನಿನಲ್ಲಿ ಅವು ಕಡಿಮೆಯಾಗತೊಡಗಿದ್ದು 1970ರ ದಶಕದ ಕೊನೆಯಲ್ಲೇ, ಮೊಬೈಲ್ ಬರುವ ಮುನ್ನ. ಹೆಂಚಿನ ಸಂದಿ ಹೋಗಿ ತಾರಸಿ ಬಂದದ್ದನ್ನೂ, ಮರಿಗಳಿಗೆ ಬೇಕಾದ ಹುಳುಗಳನ್ನು ಕೀಟನಾಶಕ ಕೊಂದದ್ದನ್ನೂ ನಾವು ಲೆಕ್ಕಕ್ಕೆ ಹಿಡಿಯಬೇಕು.

ನಿಯಮದ ಮಟ್ಟಿಗೆ ಭಾರತ ಹಿಂದೆ ಬಿದ್ದಿಲ್ಲ. 2012ರ ಸೆಪ್ಟೆಂಬರ್ 1ರಿಂದ ಟವರಿನ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಲಾಯಿತು. ಫೋನಿನಿಂದ ದೇಹ ಹೀರುವ ಶಕ್ತಿಯ ಅಳತೆ, ಅಂದರೆ ‘ಸಾರ್’ ಮೌಲ್ಯ, ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗೆ 1.6 ವ್ಯಾಟ್ ಮೀರಬಾರದು ಎಂದಾಯಿತು. *#07# ಒತ್ತಿದರೆ ಹೆಚ್ಚಿನ ಫೋನುಗಳಲ್ಲಿ ಈ ಸಂಖ್ಯೆ ಕಾಣುತ್ತದೆ. ಮಿತಿ ಕಾಗದದ ಮೇಲಿದ್ದರೆ ಸಾಲದು, ಅಳೆಯಬೇಕು. 2023ರ ಸೆಪ್ಟೆಂಬರಿನಲ್ಲಿ ಫ್ರಾನ್ಸ್ ಐಫೋನ್ 12ರ ಮಾರಾಟ ನಿಲ್ಲಿಸಿದ್ದು ಅಂಥ ಅಳತೆಯಿಂದ. ಕೈಯಲ್ಲಿ ಹಿಡಿದಾಗಿನ ಮಿತಿ 4 ವ್ಯಾಟ್ ಇದ್ದರೆ ಅದರಲ್ಲಿ 5.74 ಸಿಕ್ಕಿತ್ತು, ಕಂಪನಿ ತಂತ್ರಾಂಶ ತಿದ್ದಬೇಕಾಯಿತು. ನಮ್ಮ ನ್ಯಾಯಾಲಯಗಳು ಒಂದೊಂದು ದಾರಿ ಹಿಡಿದಿವೆ. ರಾಜಸ್ಥಾನ ಹೈಕೋರ್ಟ್ 2012ರಲ್ಲಿ ಶಾಲೆ, ಆಸ್ಪತ್ರೆಗಳಿಂದ ಟವರ್ ತೆಗೆಸಲು ಹೇಳಿತು. 2017ರಲ್ಲಿ ಸುಪ್ರೀಂ ಕೋರ್ಟ್ ಗ್ವಾಲಿಯರಿನ ಮನೆಗೆಲಸದ ಒಬ್ಬರ ಅರ್ಜಿಯ ಮೇಲೆ ಒಂದು ಟವರನ್ನು ಮುಚ್ಚಿಸಿತು. 2021ರಲ್ಲಿ ನಟಿ ಜೂಹಿ ಚಾವ್ಲಾ 5ಜಿ ವಿರುದ್ಧ ಹೋದಾಗ ದೆಹಲಿ ಹೈಕೋರ್ಟ್ ಅರ್ಜಿ ವಜಾ ಮಾಡಿ 20 ಲಕ್ಷ ದಂಡ ಹಾಕಿತು, ಆಮೇಲೆ ಅದು 2 ಲಕ್ಷಕ್ಕಿಳಿಯಿತು. ಜನರ ಭಯವನ್ನು ಬಳಸಿಕೊಂಡು, ವಿಕಿರಣ ತಡೆಯುತ್ತವೆಂದು ಸ್ಟಿಕ್ಕರು, ಚಿಪ್‌ಗಳನ್ನು ಮಾರುವವರ ಮೇಲೆ ಮಾತ್ರ ಇಂಥ ಕಟ್ಟುನಿಟ್ಟು ಕಾಣುತ್ತಿಲ್ಲ. ಅವು ಪ್ರಯೋಜನಕ್ಕಿಲ್ಲ. ಸಿಗ್ನಲ್‌ಗೆ ಅಡ್ಡಿಯಾದರೆ ಫೋನು ಇನ್ನೂ ಹೆಚ್ಚು ಶಕ್ತಿ ಬಳಸುವುದರಿಂದ ಹಾನಿಯೇ ಆಗಬಹುದು.

ಇನ್ನು ಕಣ್ಣಿಗಂಟಿದ ಫೋನು.

ಮೊದಲು ರಸ್ತೆ. 1997ರಲ್ಲಿ ಟೊರಾಂಟೊದ ಡೊನಾಲ್ಡ್ ರೆಡೆಲ್ಮೇಯರ್ ಮತ್ತು ರಾಬರ್ಟ್ ಟಿಬ್ಶಿರಾನಿ ಅಪಘಾತವಾದ 699 ಚಾಲಕರ ಕರೆದಾಖಲೆ ತೆಗೆದು ನೋಡಿದರು. ಫೋನಿನಲ್ಲಿದ್ದಾಗ ಡಿಕ್ಕಿಯ ಸಂಭವ ನಾಲ್ಕು ಪಟ್ಟು. ಫೋನು ಕೈಯಲ್ಲಿತ್ತೋ, ಕೈ ಬಿಟ್ಟು ಮಾತಾಡುವ ಸಾಧನದಲ್ಲಿತ್ತೋ ಎಂಬುದರಿಂದ ಸಂಭವ ಇಳಿಯಲಿಲ್ಲ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ 2005ರಲ್ಲಿ ಇನ್ನೊಂದು ತಂಡ ಬೇರೆ ಚಾಲಕರ ಮೇಲೆ ನೋಡಿದಾಗಲೂ ಅದೇ ನಾಲ್ಕು ಪಟ್ಟು ಬಂತು. ಇದರ ಎದುರು ಗ್ಲಿಯೋಮಾದ ಸಂಖ್ಯೆಗಳನ್ನು ಇಟ್ಟು ನೋಡಿ. ಅಲ್ಲಿ ಇದೆಯೋ ಇಲ್ಲವೋ ಎಂದು ದಶಕಗಟ್ಟಲೆ ಜಾಲಿಸಬೇಕಾದ ವ್ಯತ್ಯಾಸ, ಇಲ್ಲಿ ಮೊದಲ ನೋಟಕ್ಕೇ ನಾಲ್ಕು ಪಟ್ಟು. ಮೊಬೈಲಿನಿಂದ ಜೀವ ಹೋಗುತ್ತದೆಯೇ ಎಂಬ ಪ್ರಶ್ನೆಗೆ ಹೌದು ಎಂಬ ಖಚಿತ ಉತ್ತರ 1997ರಿಂದಲೂ ನಮ್ಮ ಕೈಯಲ್ಲಿದೆ.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅಪಘಾತದ ಸ್ಥಳಕ್ಕೆ ಬಂದ ಪೊಲೀಸರಿಗೆ ವೇಗ, ಕುಡಿತ ಗೊತ್ತಾಗುವಷ್ಟು ಸುಲಭವಾಗಿ ಫೋನು ಗೊತ್ತಾಗುವುದಿಲ್ಲ. ಸತ್ತವರು ಹೇಳಲಾರರು, ಬದುಕಿದವರು ಒಪ್ಪಿಕೊಳ್ಳಲಾರರು. ಹೆಲ್ಮೆಟ್ಟಿನ ಸಂದಿಗೆ ಫೋನು ಸಿಕ್ಕಿಸಿಕೊಂಡು ಮಾತಾಡುತ್ತ ಸ್ಕೂಟರ್ ಓಡಿಸುವವರನ್ನು ಬೆಂಗಳೂರಿನ ಯಾವ ಸಿಗ್ನಲ್ಲಿನಲ್ಲಾದರೂ ಕಾಣಬಹುದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಕೈಯಲ್ಲಿ ಫೋನು ಹಿಡಿದು ಓಡಿಸುವುದನ್ನು ಅಪಾಯಕಾರಿ ಚಾಲನೆ ಎನ್ನುತ್ತದೆ. ದಾರಿ ನೋಡುವುದಕ್ಕೆ ಮಾತ್ರ ವಿನಾಯಿತಿ. ಆದರೆ ಊಟ, ದಿನಸಿ ತಲುಪಿಸುವ ಹುಡುಗರ ದುಡಿಮೆಯೇ ಹ್ಯಾಂಡಲ್ಲಿಗೆ ಕಟ್ಟಿದ ಆ ಪರದೆಯ ಮೇಲೆ ನಡೆಯುತ್ತದೆ. ಮುಂದಿನ ಆರ್ಡರ್ ಬಂದಾಗ ಗಾಡಿ ಓಡುತ್ತಿದ್ದರೂ ನೋಡದೆ ಅವರಿಗೆ ಗತಿಯಿಲ್ಲ. ಅವರಿಗೆ ದಂಡ ಹಾಕಿ ಕಂಪನಿಯನ್ನು ಬಿಟ್ಟರೆ ಅನ್ಯಾಯ. ಗಾಡಿ ಚಲಿಸುತ್ತಿರುವಾಗ ಆರ್ಡರ್ ಕಳಿಸದಂತೆ ಆ್ಯಪ್ ಮಾಡುವುದು ತಾಂತ್ರಿಕವಾಗಿ ಕಷ್ಟವಲ್ಲ. ಸೆಲ್ಫಿಯನ್ನೂ ಇಲ್ಲೇ ಸೇರಿಸಬೇಕು. 2011ರಿಂದ 2017ರವರೆಗೆ ಸುದ್ದಿಯಾದ ಸೆಲ್ಫಿ ಸಾವುಗಳನ್ನು ದೆಹಲಿಯ ಏಮ್ಸ್‌ನ ವೈದ್ಯರು ಎಣಿಸಿದಾಗ ಜಗತ್ತಿನಲ್ಲಿ 259 ಸಿಕ್ಕವು, ಅತಿ ಹೆಚ್ಚು ಭಾರತದ್ದು, ಕಾರಣಗಳಲ್ಲಿ ನೀರಿನಲ್ಲಿ ಮುಳುಗುವುದೇ ಮೊದಲನೆಯದು. ಮಳೆಗಾಲದ ಜಲಪಾತಗಳ ಬಳಿ ಈಗಲೂ ಅದು ನಡೆಯುತ್ತಲೇ ಇದೆ.

ನಿದ್ದೆಗೆ ಪರದೆಯ ನೀಲಿ ಬೆಳಕೇ ಶತ್ರು ಎಂದು ಎಲ್ಲೆಡೆ ಬರೆಯುತ್ತಾರೆ. 2015ರಲ್ಲಿ ಹನ್ನೆರಡು ಮಂದಿಯ ಮೇಲಿನ ಪ್ರಯೋಗದಲ್ಲಿ, ಮಲಗುವ ಮುನ್ನ ನಾಲ್ಕು ಗಂಟೆ ಹೊಳೆಯುವ ಪರದೆಯಲ್ಲಿ ಓದಿದವರಿಗೆ ನಿದ್ದೆಗೆ ನೆರವಾಗುವ ಮೆಲಟೋನಿನ್ ಹಾರ್ಮೋನು ಕಡಿಮೆಯಾಗಿ, ನಿದ್ದೆ ಬರಲು ಹತ್ತು ನಿಮಿಷ ತಡವಾಯಿತು. ನಾಲ್ಕು ಗಂಟೆಗೆ ಹತ್ತು ನಿಮಿಷ! ನಮ್ಮ ಮನೆಗಳಲ್ಲಿ ಕಳೆದುಹೋಗುತ್ತಿರುವುದು ಹತ್ತು ನಿಮಿಷವಲ್ಲ. ಹನ್ನೊಂದಕ್ಕೆ ಮಲಗಬೇಕಾದ ಹುಡುಗ ಒಂದು ರೀಲಿನಿಂದ ಇನ್ನೊಂದಕ್ಕೆ ಜಾರುತ್ತ ಒಂದು ಗಂಟೆ ಮಾಡುತ್ತಾನೆ. ಪರದೆಯನ್ನು ಹಳದಿ ಮಾಡುವುದರಿಂದ ಇದಕ್ಕೆ ಪರಿಹಾರವಿಲ್ಲ. ಫೋನು ಹಾಸಿಗೆಯಿಂದ ದೂರ, ಹಜಾರದಲ್ಲಿ ಚಾರ್ಜಿಗೆ ಕೂರಬೇಕು. ದಿಂಬಿನ ಕೆಳಗೆ ಚಾರ್ಜ್ ಮಾಡದಿರುವುದಕ್ಕೆ ಬ್ಯಾಟರಿಯೂ ಒಂದು ಕಾರಣ. ಲಿಥಿಯಂ ಬ್ಯಾಟರಿ ಗಾಳಿಯಾಡದೆ ಕಾಯಬಾರದು.

ಹದಿಹರೆಯದವರ ಮನಸ್ಸಿನ ವಿಷಯದಲ್ಲಿ ವಿಜ್ಞಾನಿಗಳೇ ಎರಡು ಪಾಳೆಯವಾಗಿದ್ದಾರೆ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ 2023ರಲ್ಲಿ ಸಾಮಾಜಿಕ ಜಾಲತಾಣಗಳ ಬಗ್ಗೆ ಎಚ್ಚರಿಕೆಯ ಸಲಹೆ ಹೊರಡಿಸಿದರು. ಮರುವರ್ಷ ಸಿಗರೇಟಿನ ಪೊಟ್ಟಣದ ಮೇಲಿರುವಂಥ ಎಚ್ಚರಿಕೆ ಅವುಗಳ ಮೇಲೂ ಬೇಕು ಎಂದರು. ಅದೇ 2024ರಲ್ಲಿ ಅಮೆರಿಕದ ಮನೋವಿಜ್ಞಾನಿ ಜೊನಾಥನ್ ಹೈಟ್ ತಮ್ಮ ಪುಸ್ತಕದಲ್ಲಿ, ಫೋನು ಕೈಗೆ ಬಂದ ಬಾಲ್ಯವೇ ಆತಂಕ, ಖಿನ್ನತೆಗಳ ಮೂಲ ಎಂದು ವಾದಿಸಿದರು. ಎದುರಿಗೆ ಬ್ರಿಟನ್ನಿನ ಸಂಶೋಧಕರಾದ ಏಮಿ ಆರ್ಬೆನ್ ಮತ್ತು ಆಂಡ್ರೂ ಶಿಬಿಲ್ಸ್ಕಿ 2019ರಲ್ಲೇ ದೊಡ್ಡ ಸಮೀಕ್ಷೆಗಳನ್ನು ಬಗೆದು, ಮಕ್ಕಳ ನೆಮ್ಮದಿಯ ಏರುಪೇರಿನಲ್ಲಿ ಡಿಜಿಟಲ್ ಬಳಕೆಯಿಂದ ವಿವರಿಸಬಹುದಾದದ್ದು ಹೆಚ್ಚೆಂದರೆ ಶೇ 0.4 ಎಂದಿದ್ದರು. ನನಗೆ ಇವೆರಡೂ ಒಂದೇ ಚಿತ್ರದ ಎರಡು ಭಾಗಗಳಂತೆ ಕಾಣುತ್ತವೆ. ಸರಾಸರಿ ತೆಗೆದಾಗ ಏನೂ ಆಗದ ಬಹುಪಾಲು ಮಕ್ಕಳ ನಡುವೆ ಬಹಳ ನೊಂದ ಕೆಲವು ಮಕ್ಕಳು ಮರೆಯಾಗುತ್ತಾರೆ. ಆ ಕೆಲವರು ನಿಮ್ಹಾನ್ಸ್‌ನ ಬಾಗಿಲಿಗೆ ಬರುತ್ತಾರೆ. ಅಲ್ಲಿ 2014ರಲ್ಲಿ ‘ಶಟ್’ ಎಂಬ ಕ್ಲಿನಿಕ್ ಶುರುವಾಯಿತು, ತಂತ್ರಜ್ಞಾನದ ಅತಿಬಳಕೆಗೆಂದೇ ತೆರೆದ ದೇಶದ ಮೊದಲ ಚಿಕಿತ್ಸಾಲಯ. ಗೇಮಿಂಗ್ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿಗೆ ಸೇರಿಸುವ ಮುನ್ನವೇ ಬೆಂಗಳೂರಿನಲ್ಲಿ ಅದಕ್ಕೆ ಮಂಚ, ಮದ್ದು, ಮಾತಿನ ಚಿಕಿತ್ಸೆ ಸಿದ್ಧವಾಗಿತ್ತು. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ ಹದಿನಾರರೊಳಗಿನವರಿಗೆ ಜಾಲತಾಣಗಳ ಖಾತೆ ನಿಷೇಧಿಸಿದೆ. ಅದರ ಫಲ ತಿಳಿಯಲು ವರ್ಷಗಳು ಬೇಕು.

ಕಣ್ಣಿನ ಮಾತು ಚುಟುಕು. ಸಮೀಪದೃಷ್ಟಿ ಹೆಚ್ಚುತ್ತಿರುವುದಕ್ಕೆ ಪರದೆಯೊಂದೇ ಕಾರಣವಲ್ಲ, ಪುಸ್ತಕವನ್ನು ಮೂಗಿಗೆ ಹಿಡಿದರೂ ಅದೇ ಆಗುತ್ತದೆ. ಮಗು ಬಯಲಿನ ಬೆಳಕಿನಲ್ಲಿ ಕಳೆಯುವ ಹೊತ್ತು ಕಡಿಮೆಯಾದದ್ದು ದೊಡ್ಡ ಕಾರಣ. ತೈವಾನ್ 2010ರಲ್ಲಿ ಶಾಲಾಮಕ್ಕಳನ್ನು ದಿನಕ್ಕೆ ಎರಡು ಗಂಟೆ ಹೊರಗೆ ಬಿಡುವ ಕಾರ್ಯಕ್ರಮ ತಂದ ಮೇಲೆ, ದಶಕಗಳಿಂದ ಏರುತ್ತಿದ್ದ ದೃಷ್ಟಿದೋಷ ಇಳಿಮುಖವಾಯಿತು. ಕಿವಿಗೆ ತರಂಗಕ್ಕಿಂತ ಸದ್ದೇ ಅಪಾಯ: 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ, ಮಕ್ಕಳಿಗೆ 75. ಬಸ್ಸಿನ ಗದ್ದಲವನ್ನು ಮೀರಿಸಲು ಇಯರ್‌ಫೋನಿನ ಸದ್ದು ಏರಿಸುವವರು ಈ ಗೆರೆಯನ್ನು ಬೇಗ ದಾಟುತ್ತಾರೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಫೋನನ್ನು ಎದೆಯ ಜೇಬಿನಲ್ಲಿಡದೆ ಕನಿಷ್ಠ 15 ಸೆಂಟಿಮೀಟರ್ ದೂರ ಇಡಬೇಕು. ಈಚಿನ ಕೆಲವು ಫೋನುಗಳಲ್ಲಿರುವ ಅಯಸ್ಕಾಂತದಿಂದಾಗಿ ಈ ಮಾತಿಗೆ ಈಗ ಇನ್ನಷ್ಟು ತೂಕವಿದೆ.

ತರಂಗದ ಬಗ್ಗೆ ಇನ್ನೂ ಅಳುಕಿರುವವರು ಇಯರ್‌ಫೋನ್ ಅಥವಾ ಸ್ಪೀಕರಿನಲ್ಲಿ ಮಾತಾಡಲಿ. ಲಿಫ್ಟು, ಬೇಸ್‌ಮೆಂಟು, ಘಾಟಿಯ ತಿರುವುಗಳಲ್ಲಿ ಸಿಗ್ನಲ್ ಒಂದು ಕಡ್ಡಿಗೆ ಇಳಿದಾಗ ಉದ್ದದ ಮಾತು ಬೇಡ. ಖರ್ಚಿಲ್ಲದ ಎಚ್ಚರಿಕೆ ಇದು. ಸರ್ಕಾರ ಮಾಡಬೇಕಾದ್ದು ಬೇರೆ ಇದೆ. ಇಂಟರ್‌ಫೋನ್‌ನಲ್ಲಾಗಲಿ ಕಾಸ್ಮೋಸ್‌ನಲ್ಲಾಗಲಿ ಭಾರತ ಇರಲಿಲ್ಲ. ನೂರು ಕೋಟಿ ದಾಟಿದ ಮೊಬೈಲ್ ಸಂಪರ್ಕಗಳ ದೇಶ ತನ್ನ ಜನರ ಆರೋಗ್ಯವನ್ನು ಯುರೋಪಿನ ಲೆಕ್ಕದಿಂದ ಊಹಿಸಿಕೊಳ್ಳುತ್ತಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆದಿದೆ. ಮೊಬೈಲ್ ಬರುವ ಮುಂಚಿನ ಹತ್ತಕ್ಕೂ ಹೆಚ್ಚು ವರ್ಷ, ಬಂದ ಮೇಲಿನ ಮೂವತ್ತು ವರ್ಷ ಒಂದೇ ನಗರದಲ್ಲಿ ದಾಖಲಾಗಿವೆ. ಒಪ್ಪಿಗೆ ಕೊಟ್ಟ ಬಳಕೆದಾರರ ಕರೆದಾಖಲೆಯನ್ನು ಗುರುತು ಮರೆಮಾಡಿ ಇದರ ಜೊತೆ ಕೂಡಿಸಿದರೆ ಕನ್ನಡಿಗರ ತಲೆಯ ಪ್ರಶ್ನೆಗೆ ಇಲ್ಲಿನದೇ ಉತ್ತರ ಸಿಗುತ್ತದೆ. ಜೊತೆಗೆ, ಸಾವು ಸಂಭವಿಸಿದ ಪ್ರತಿಯೊಂದು ರಸ್ತೆ ಅಪಘಾತದಲ್ಲೂ ಚಾಲಕರ ಫೋನು ಆ ನಿಮಿಷದಲ್ಲಿ ಬಳಕೆಯಲ್ಲಿತ್ತೇ ಎಂದು ಕಂಪನಿಯಿಂದ ಕೇಳಿ ಪಡೆಯುವುದನ್ನು ಪೊಲೀಸ್ ತನಿಖೆಯ ಕಡ್ಡಾಯ ಭಾಗವಾಗಿಸಬೇಕು. ಟೊರಾಂಟೊದಲ್ಲಿ ಇಬ್ಬರು ಸಂಶೋಧಕರು ಮಾಡಿದ್ದ ಕೆಲಸ ಅದು, ಇಪ್ಪತ್ತೆಂಟು ವರ್ಷಕ್ಕೂ ಹಿಂದೆ.